ಹೊಸ್ತಿಲು ದಾಟಿದ ಪದ

ಶಹಾಪುರದಿಂದ ಗೋಗಿ ಕಡೆಗೆ ಹೊರಟಿದ್ದ ಅತೀಕನ ಆಟೋದಲ್ಲಿ ಅವತ್ತು ಬೆಳಿಗ್ಗೆ ಎಲ್ಲರ ಬಾಯಲ್ಲೂ ಒಂದೇ ಹಾಡು. ಹಿಂದೆ ಕೂತ ಹುಡುಗಿಯೊಬ್ಬಳ ಮೊಬೈಲಿನಲ್ಲಿ ಅದು ಮುಗಿಯುವಷ್ಟರಲ್ಲಿ ಪಕ್ಕದವಳು ತನ್ನದರಲ್ಲಿ ಶುರು ಮಾಡಿದಳು.

ಬಾರೋ ತಮ್ಮಾ, ಬಾರೇ ತಂಗಿ, ಬ್ಯಾಗು ಹೆಗಲಿಗೇರಿಸಿ,
ಬುಕ್ಕು ನಮ್ಮದು, ಬೆಂಚು ನಮ್ಮದು, ಕನಸು ತಾರೋ ಆರಿಸಿ.

ಮೂಲೆಯಲ್ಲಿ ಕೂತಿದ್ದ ಪವಿತ್ರಾ ವೇಲಿನಿಂದ ಅರ್ಧ ಮುಖ ಮುಚ್ಚಿಕೊಂಡು ಒಳಗೊಳಗೇ ನಗುತ್ತಿದ್ದಳು. ಹಾಡು ಅವಳದು, ದನಿಯೂ ಅವಳದು. ಊರಾಚೆ ಹೊಸದಾಗಿ ಶುರುವಾದ ವಿಶ್ವವಿದ್ಯಾಲಯದಲ್ಲಿ ಅವಳು ಕನ್ನಡದ ಅತಿಥಿ ಉಪನ್ಯಾಸಕಿ. ಅಡ್ಮಿಷನ್‌ಗೆ ಮಕ್ಕಳನ್ನು ಕರೆಯಲು ಒಂದು ತಮಾಷೆಯ ವಿಡಿಯೋ ಬೇಕೆಂದು ಕುಲಸಚಿವರು ಕೇಳಿದಾಗ ಇವಳೇ ಬರೆದು ಹಾಡಿದ್ದಳು. ವಿಡಿಯೋದಲ್ಲಿ ಗಣಿತದ ಪ್ರೊಫೆಸರು ಕ್ಯಾಂಟೀನಿನ ಸೌಟು ಹಿಡಿದು ಕುಣಿಯುತ್ತಾರೆ, ಲೈಬ್ರರಿಯನ್ ಮೇಡಂ ಪುಸ್ತಕದ ರ‍್ಯಾಕುಗಳ ನಡುವೆ ಗಿರಗಿರ ತಿರುಗುತ್ತಾರೆ, ವಾಚ್‌ಮನ್ ಕೋಲು ಬೀಸಿ ತಾಳ ಹಾಕುತ್ತಾನೆ. ನೋಡಿದವರೆಲ್ಲ ಇನ್ನೊಬ್ಬರಿಗೆ ಕಳಿಸಿದ್ದರು. ಮೈಸೂರಿನವರು, ಬೆಂಗಳೂರಿನವರು ‘ಎಷ್ಟು ಮುದ್ದಾಗಿದೆ’ ಎಂದು ಬರೆದಿದ್ದರು.

"ತಮ್ಮಾ ಅತೀಕ, ಗಾಡಿ ನಿಂದ್ರಸು."

ಎದುರಿಗೆ ಕೂತಿದ್ದ ಮುದುಕಿ ಗೊಲ್ಲಾಳಮ್ಮ ಹೇಳಿದ್ದು. ಗೋಗಿಯವಳು.

"ಊರು ಇನ್ನಾ ದೂರ ಅದ, ಆಯಿ."

"ಇರ್ಲಿ. ನಡಕೊಂತ ಹೋಗ್ತೀನಿ."

"ಯಾಕ, ಏನಾತು?"

"ನನ್ನ ಗಂಡನ್ನ ಹೊರಗ ಎತ್ತಿದ ಪದ ಇದು. ಇದನ್ನ ಕೇಳಕೊಂತ ನಕ್ಕೊಂತ ಕೂಡೂದು ನನ್ನ ಕೈಲೆ ಆಗಂಗಿಲ್ಲ."

ಮುದುಕಿ ಇಳಿದು, ಸೆರಗು ತಲೆಯ ಮೇಲೆ ಎಳೆದುಕೊಂಡು, ರಸ್ತೆಯ ಅಂಚು ಹಿಡಿದು ನಡೆದೇ ಬಿಟ್ಟಳು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಹಾಡು ನಿಂತಿತು.

"ಖರೇ ಅದರಿ ಮೇಡಂ," ಅಂದ ಅತೀಕ, ಕನ್ನಡಿಯಲ್ಲಿ ಪವಿತ್ರಾಳನ್ನು ನೋಡುತ್ತ. "ನನಗೂ ಎಲ್ಲೋ ಕೇಳೇನಿ ಅನಸ್ತಿತ್ತು. ಲಿಂಗಾಯತರ ಮನ್ಯಾಗ ಯಾರಾರ ತೀರಕೊಂಡ್ರ ರಾತ್ರಿಯೆಲ್ಲ ಭಜನಿ ಮಾಡ್ತಾರಲ್ರಿ, ಹೊತ್ತು ಮೂಡೂ ಮುಂದ ಹೆಣ ಹೊಸಲು ದಾಟಸೂವಾಗ ಈ ಪದ ಹೇಳ್ತಾರ. ಬ್ಯಾರೆ ಯಾವಾಗೂ ಹೇಳಂಗಿಲ್ಲ. ಮನ್ಯಾಗ ಸುಮ್ಮ ಗುನುಗಿದ್ರೂ ಹಿರ್ಯಾರು ಬೈತಾರ. ಇದರಾಗ ಡೋಲಕ್ ಹಾಕಿ ಓಡಿಸ್ಯಾರ, ಅದಕ್ಕ ಲಗೂನ ಗುರ್ತ ಹತ್ತಂಗಿಲ್ಲ ನೋಡ್ರಿ."

ಪವಿತ್ರಾಳ ಮುಖದ ನಗು ಹೇಗೆ ಬಂದಿತ್ತೋ ಹಾಗೇ ಹೋಯಿತು. ವೇಲು ಮಾತ್ರ ಮುಖದ ಮೇಲೇ ಉಳಿಯಿತು.

*

ಆ ಧಾಟಿ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅವಳಪ್ಪ ಮಲ್ಕಪ್ಪ ವಡಗೇರಾದ ಆಚೆಯ ಹಳ್ಳಿಯವನು, ಕುರಿ ಕಾಯುವವನು. ಗೊಬ್ಬರವಾಗಲೆಂದು ರೈತರು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಬೇಸಿಗೆ ರಜೆ ಬಂತೆಂದರೆ ಪವಿತ್ರಾ ಅಪ್ಪನ ಜೊತೆ ಅಲ್ಲೇ, ಊರಿಂದ ದೂರ, ಕಂಬಳಿ ಹಾಸಿಕೊಂಡು ಮಲಗುತ್ತಿದ್ದಳು. ಕೆಲವು ಬೆಳಗಿನ ಜಾವ ಯಾವುದೋ ಊರಿನ ಮೈಕಿನಿಂದ ಹಾಡೊಂದು ಗಾಳಿಯಲ್ಲಿ ಬರುತ್ತಿತ್ತು. ಅಷ್ಟು ದೂರಕ್ಕೆ ಮಾತು ಕೇಳುತ್ತಿರಲಿಲ್ಲ, ಧಾಟಿ ಮಾತ್ರ ಕೇಳುತ್ತಿತ್ತು.

"ಏನಪಾ ಅದು?"

"ಭಜನಿ ಮಗಾ. ಹೊತ್ತು ಮೂಡಿತು ಏಳ್ರಿ ಅಂತ ಹೇಳಾಕತ್ಯಾರ."

ಮೂಡಣ ಕೆಂಪಾಗುತ್ತಿತ್ತು, ಮರಿಗಳು ತಾಯಂದಿರನ್ನು ಹುಡುಕಿ ಅರಚುತ್ತಿದ್ದವು, ಅಪ್ಪ ಮೂರು ಕಲ್ಲಿನ ಮೇಲೆ ಚಹಾ ಇಡುತ್ತಿದ್ದ. ಅಪ್ಪ ಹೇಳಿದ್ದನ್ನು ಅವಳು ನಂಬಿದಳು. ಮಕ್ಕಳನ್ನು ಕರೆಯುವ ಖುಷಿಯ ಹಾಡು ಬರೆಯಲು ಕೂತಾಗ ನಾಲಿಗೆಗೆ ಬಂದ ಮೊದಲ ಧಾಟಿ ಇದೇ. ಬೇರೆ ಧಾಟಿ ಯಾಕೆ ಬರಬೇಕು ಹೇಳಿ.

ಹಾಡು ರೆಕಾರ್ಡ್ ಆಗಿದ್ದು ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ, ವಿಶ್ವರಾಧ್ಯನ ಸ್ಟುಡಿಯೋದಲ್ಲಿ. ಮದುವೆ ವಿಡಿಯೋ ಅವನ ಕಸುಬು. ಸುರಪುರದ ರಂಗಂಪೇಟೆಯಿಂದ ದಿನಾ ಬಸ್ಸಿಗೆ ಬಂದು ಹೋಗುವ, ಕಮ್ಮಿ ಮಾತಿನ ಮನುಷ್ಯ. ಪೇಟಿಯನ್ನು, ಅಂದರೆ ಹಾರ್ಮೋನಿಯಂ ಅನ್ನು, ಚೆನ್ನಾಗಿ ನುಡಿಸುತ್ತಿದ್ದ. ಅವಳು ಮೊದಲ ಸಾಲು ಹಾಡಿದಾಗ ಪೇಟಿಯ ಮೇಲಿನ ಅವನ ಬೆರಳು ನಿಂತುಬಿಟ್ಟವು. ತಲೆ ಎತ್ತಿ ನೋಡಿದ. ಆ ನೋಟದಲ್ಲಿ ಏನೋ ಹೆದರಿಕೆ, ಏನೋ ಬೆರಗು ಇತ್ತು. ಪವಿತ್ರಾಳಿಗೆ ಹೆದರಿಕೆ ಕಾಣಲಿಲ್ಲ. ಬೆರಗು ಮಾತ್ರ ಕಂಡಿತು. ಹೆಣ್ಣುಮಕ್ಕಳ ಕಣ್ಣು ಬೇಕಾದ್ದನ್ನೇ ಮೊದಲು ಹೆಕ್ಕುತ್ತದೆ, ಏನು ಮಾಡುವುದು.

"ಯಾಕ್ರಿ, ಚಲೋ ಇಲ್ಲೇನು?"

"ಚಲೋ ಅದರಿ. ಇನ್ನೊಮ್ಮೆ ಹೇಳ್ರಿ."

"ಈ ಧಾಟಿ ಮೊದಲ ಎಲ್ಯಾರ ಕೇಳೀರೇನು?"

ಅವನು ಬಗ್ಗಿ, ಸರಿಯಾಗೇ ಇದ್ದ ವಯರೊಂದನ್ನು ಮತ್ತೆ ಸರಿ ಮಾಡತೊಡಗಿದ.

"ಇಲ್ಲರಿ. ಹೊಸಾದದ. ಜರಾ ಜೋರ್ ಓಡಸೋಣ್ರಿ, ಡೋಲಕ್ ಹಾಕೋಣ."

ಆಮೇಲೆ ಅವಳು ಎಷ್ಟು ಸಲ ಆ ಮೆಟ್ಟಿಲು ಹತ್ತಿದಳೋ. ಒಂದು ಸಲ ಸಾಲು ಬದಲಿಸಬೇಕು ಎಂದು, ಒಂದು ಸಲ ದನಿ ಕೆಟ್ಟಿದೆ ಎಂದು, ಒಂದು ಸಲ ನೆಪವೂ ಸಿಗದೆ ಸುಮ್ಮನೆ. ಅವನು ಕೆಳಗಿನ ಹೋಟೆಲಿನಿಂದ ಚಹಾ ತರಿಸುತ್ತಿದ್ದ, ಅವಳ ಕಪ್ಪನ್ನು ಹಿಡಿಕೆ ಅವಳ ಕಡೆಗೆ ಬರುವಂತೆ ತಿರುಗಿಸಿ ಇಡುತ್ತಿದ್ದ.

"ಕೆಲಸ ಮಾಡೂ ಮುಂದ ನಿಮ್ಮ ಕಣ್ಣು ಕಂಪ್ಯೂಟರ್ ಮ್ಯಾಲ ಇರಬೇಕ್ರಿ, ನನ್ನ ಮ್ಯಾಲ ಅಲ್ಲ," ಎಂದು ಒಂದು ದಿನ ಕೆಣಕಿದ್ದಳು.

"ಕಂಪ್ಯೂಟರ್ ಹಾಡಂಗಿಲ್ಲಲ್ರಿ," ಅಂದಿದ್ದ. ಅಂದವನ ಕಿವಿ ಕೆಂಪಾಗಿತ್ತು. ರಾತ್ರಿ ರೂಮಿಗೆ ಬಂದ ಮೇಲೂ ಪವಿತ್ರಾಳಿಗೆ ಆ ಕಿವಿಯದೇ ನೆನಪು.

*

ಆಟೋದ ಹುಡುಗಿಯರ ಬಾಯಿಂದ ಸಂಜೆಯ ಹೊತ್ತಿಗೆ ವಿಷಯ ಎಲ್ಲರಿಗೂ ಗೊತ್ತಾಯಿತು. ‘ಇಲ್ಲಿ ಅಡ್ಮಿಷನ್ ಆದ್ರ ಸೀದಾ ಕೈಲಾಸ’ ಎಂದು ಯಾರೋ ಬರೆದರು, ಅದರ ಕೆಳಗೆ ನಗುವ ಮುಖಗಳ ಸಾಲು. ಪವಿತ್ರಾಳನ್ನು ಚುಚ್ಚಿದ್ದು ಅದಲ್ಲ. ಹುಣಸಗಿಯ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು: ‘ಹೋದ ವರ್ಷ ನಮ್ಮ ಅಪ್ಪನ್ನ ಈ ಪದದ ಮ್ಯಾಲ ಹೊರಗ ತಂದ್ರು. ಕೈ ಮುಗಿತೀನಿ, ಇದರ ಮ್ಯಾಲ ಕುಣಿಬ್ಯಾಡ್ರಿ.’ ಅದನ್ನು ಓದಿ ಪವಿತ್ರಾ ಸ್ಟಾಫ್ ರೂಮಿನಲ್ಲೇ ಅತ್ತಳು.

"ಕಾಂಟ್ರವರ್ಸಿ ಆದ್ರೇನು ಮೇಡಂ, ಜನ ನೋಡ್ತಿದ್ದಾರಲ್ಲ," ಅಂದರು ಕುಲಸಚಿವರು, ದಕ್ಷಿಣದ ಕಡೆಯವರು. ಸುರಪುರದ ಹಿರಿಯರಿಂದ ಫೋನಿನ ಮೇಲೆ ಫೋನು ಬಂದಾಗ ವಿಡಿಯೋ ತೆಗೆಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗಲೇ ಅದು ಮನೆಮನೆಯ ಮೊಬೈಲಿನಲ್ಲಿ ಸೇರಿಕೊಂಡಿತ್ತು.

ಅವಳು ನೇರ ಸ್ಟುಡಿಯೋಗೆ ಹೋದಳು. ವಿಶ್ವರಾಧ್ಯ ಎದ್ದು ನಿಂತ. ಅವನ ಮುಖ ನೋಡಿದ ಕೂಡಲೇ ಕೇಳುವ ಮೊದಲೇ ಉತ್ತರ ಸಿಕ್ಕಿತು. ಆದರೂ ಕೇಳಿದಳು.

"ನಿಮಗ ಗೊತ್ತಿತ್ತಾ?"

"ಗೊತ್ತಿತ್ತರಿ."

"ಮೊದಲನೇ ದಿನಾನೇ?"

"ಮೊದಲನೇ ಸಾಲಿಗೇ. ಸುರಪುರ ಸುತ್ತಮುತ್ತ ಈ ಪದ ಹೇಳೂದು ನಮ್ಮಪ್ಪ. ಸೂಗಪ್ಪ ಅಂತ. ಅವರ ಬಾಜು ಕೂತು ಪೇಟಿ ಹಿಡಿಯಾಂವ ನಾನು."

"ಮತ್ತ ಹೇಳಲಿಲ್ಲ ಯಾಕ?"

"ಹೇಳಿದ್ರ ನೀವು ನಿಲ್ಲಸ್ತಿದ್ರಿ. ಸಣ್ಣಾಂವ ಇದ್ದಾಗಿಂದ ಈ ಪದ ಕೇಳೇನ್ರಿ. ಯಾವಾಗ ಕೇಳಿದ್ರೂ ಎದುರಿಗಿ ಒಂದು ಹೆಣ, ಅಳೂ ಮಂದಿ. ನೀವು ಹಾಡಿದಾಗ ಅದರಾಗ ಸಾವೇ ಇರಲಿಲ್ಲ. ಬರೇ ಬೆಳಕಿತ್ತು. ಅದನ್ನ ಕಳಕೊಳ್ಳಾಕ ಮನಸ್ಸಾಗಲಿಲ್ಲ. ಜೋರ್ ಮಾಡಿದ್ರ ಯಾರಿಗೂ ಗುರ್ತ ಹತ್ತಂಗಿಲ್ಲ ಅನಕೊಂಡೆ. ನಿಮ್ಮ ಮ್ಯಾಲ ನನಗ ಮನಸ್ಸದ ಪವಿತ್ರಾ. ಖರೇ ಅಂದ್ರ ಇಷ್ಟೇ."

ಈ ಮಾತಿಗಾಗಿ ಅವಳು ಎಷ್ಟು ದಿನದಿಂದ ಕಾದಿದ್ದಳು! ಅದು ಬಂದದ್ದು ಇಂಥ ದಿನ, ಇಂಥ ಮಾತಿನ ಬೆನ್ನಿಗೆ. ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು.

"ನನ್ನ ದನಿ ನಿಮಗ ಬೇಕಾಗಿತ್ತು," ಅಂದಳು. "ನಾಳಿ ನಾನು ಮಂದಿ ಮುಂದ ಹ್ಯಾಂಗ ನಿಂದರಬೇಕು ಅನ್ನೂದು ಬ್ಯಾಡಾಗಿತ್ತು. ನಿಮ್ಮಪ್ಪಾರ ಹತ್ರ ಹೋಗಿ ನಾನೇ ತಪ್ಪಾತು ಅಂತೀನಿ. ನೀವು ನಡುವ ಬರಬ್ಯಾಡ್ರಿ."

ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವನು ಕರೆಯಲಿ ಅನ್ನಿಸಿತು. ಅವನು ಕರೆಯಲಿಲ್ಲ.

ರೂಮಿಗೆ ಬಂದು ಅಪ್ಪನಿಗೆ ಫೋನ್ ಮಾಡಿದಳು. ಆ ಕಡೆ ಗಾಳಿ, ಕುರಿಗಳ ಸದ್ದು.

"ನಿನಗ ಗೊತ್ತಿತ್ತಲ್ಲಪಾ, ಅದು ಸತ್ತವರ ಪದ ಅಂತ?"

"ನೀ ಭಾಳ ಸಣ್ಣಾಕಿ ಇದ್ದಿ ಮಗಾ. ಕತ್ತಲದಾಗ, ಬಯಲಾಗ ಮಲಗೂ ಕೂಸಿಗಿ ಊರಾಗ ಯಾರೋ ಸತ್ತಾರ ಅಂತ ಹ್ಯಾಂಗ ಹೇಳಲಿ? ಅಂಜತಿದ್ದಿ."

"ದೊಡ್ಡಾಕಿ ಆದ ಮ್ಯಾಲ ಹೇಳಬೇಕಿಲ್ಲೇನು?"

"ಅದನ್ನ ಗುನುಗೂವಾಗೆಲ್ಲ ನೀ ನಗಕೊಂತ ಇರ್ತಿದ್ದಿ. ಯಾಕ ಕೆಡಸಬೇಕು ಅಂತ ಬಿಟ್ಟೆ."

ಅಪ್ಪನ ಮೇಲೆ ಸಿಟ್ಟು ಮಾಡಲು ಅವಳಿಗೆ ಆಗಲಿಲ್ಲ. ಆದರೆ ಆ ದಿನ ಒಂದು ಗೊತ್ತಾಯಿತು. ಅವಳನ್ನು ಪ್ರೀತಿಸಿದ ಇಬ್ಬರು ಗಂಡಸರೂ ಅವಳ ನಗು ಕೆಡಬಾರದೆಂದು ಬಾಯಿ ಮುಚ್ಚಿಕೊಂಡಿದ್ದರು. ಆ ಪ್ರೀತಿಯೇ ಜನ ತುಂಬಿದ ಆಟೋದಲ್ಲಿ ಅವಳನ್ನು ಒಬ್ಬಂಟಿ ಮಾಡಿತ್ತು. ಅಪ್ಪ ಬಿಡಿ, ಹೆತ್ತವನು. ಹೀಗೆ ಮುಚ್ಚಿಡುವ ಇನ್ನೊಬ್ಬನ ಜೊತೆ ಬಾಳುವುದು ತನ್ನಿಂದ ಆದೀತೇ? ಅವನು ಬೇಕು, ಅದರಲ್ಲಿ ಅನುಮಾನವಿರಲಿಲ್ಲ. ಬೇಕಾದವನನ್ನು ನಂಬಲಾಗದಿದ್ದರೆ ಆ ಬೇಕು ಎಂಬುದೇ ಒಂದು ಶಿಕ್ಷೆ.

*

ರಂಗಂಪೇಟೆಯ ಮನೆಯ ಕಟ್ಟೆಯ ಮೇಲೆ ಸೂಗಪ್ಪ ಕೂತಿದ್ದರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಬಿಳಿ ಟವಲು. ಅವಳು ಕಾಲು ಮುಟ್ಟಿದಾಗ ಹಿಂದೆ ಸರಿಯಲಿಲ್ಲ, ಆಶೀರ್ವಾದವನ್ನೂ ಮಾಡಲಿಲ್ಲ.

"ಕೂಡು ತಂಗಿ. ನೀನೇ ಏನು ಆ ಹಾಡು ಹೇಳಿದಾಕಿ?"

"ಹೌದ್ರಿ ಕಾಕಾ. ನನಗ ಅದು ಏನಂತ ಗೊತ್ತಿದ್ದಿಲ್ಲ. ತಪ್ಪಾತು." ಹೊಲದ ಕತೆ, ಅಪ್ಪ ಹೇಳಿದ್ದು, ಎಲ್ಲ ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿದರು.

"ಮೊನ್ನೆ ಇಲ್ಲೇ ಹಿಂದಿನ ಓಣ್ಯಾಗ ಒಬ್ಬರು ಲಿಂಗೈಕ್ಯ ಆದ್ರು," ಅಂದರು ಆಮೇಲೆ. "ರಾತ್ರಿಯೆಲ್ಲ ಭಜನಿ ಆತು. ಹೊತ್ತು ಮೂಡೂ ಮುಂದ ‘ಹೋಗಿ ಬಾರೆನ್ನಬ್ಯಾಡ್ರಿ, ಹೊಸಲ ದಾಟಿದವಗ’ ಅಂತ ಎತ್ತಿಕೊಂಡೆ. ಅಂಗಳದಾಗ ನಿಂತ ಹುಡುಗರು ಕಿಸಕ್ಕನ ನಕ್ಕರು. ಅವರದೇನೂ ತಪ್ಪಿಲ್ಲ. ಅವರ ಕಿವ್ಯಾಗ ಬ್ಯಾಗು, ಬೆಂಚು ಅಂತ ಕೇಳತಿತ್ತು. ಗಂಡನ್ನ ಕಳಕೊಂಡಾಕಿ ತಲಿ ಎತ್ತಿ ನನ್ನ ಕಡೆ ನೋಡಿದ್ಲು. ನಡುವ ಪದ ನಿಲ್ಲಿಸಿದೆ ತಂಗಿ. ನನ್ನ ಜನ್ಮದಾಗ ಹಂಗ ನಿಲ್ಲಿಸಿದ್ದಿಲ್ಲ. ಬರೇ ತಾಳ ಬಡಕೊಂತ ಹೊರಗ ತಂದ್ವಿ."

ಪವಿತ್ರಾಳ ಕಣ್ಣಿಂದ ನೀರು ಇಳಿಯಿತು. ಹಾಸ್ಯಕ್ಕೆ ಸಿಕ್ಕಿ ತಾನು ಅನುಭವಿಸಿದ್ದು ದೊಡ್ಡದು ಎಂದುಕೊಂಡಿದ್ದಳು. ಆ ಹೆಂಗಸು ತಲೆ ಎತ್ತಿ ನೋಡಿದ್ದರ ಮುಂದೆ ಅದು ಏನೂ ಅಲ್ಲ.

"ನಾ ಏನ ಮಾಡಲಿ ಕಾಕಾ, ಹೇಳ್ರಿ."

"ನೀ ಏನೂ ಮಾಡಾಕ ಬರಂಗಿಲ್ಲ. ಪದ ಕೂಸುಗೋಳ ಬಾಯಾಗ ಹೋಗೇದ. ಅವು ಮರಿಯೂ ತನಕ ನಾವು ಅದನ್ನ ಮುಟ್ಟಬಾರದು. ತಿರುಗಿ ಬಂದ್ರ ಬರ್ತದ, ಇಲ್ಲಂದ್ರ ಇಲ್ಲ." ಟವಲಿನಿಂದ ಮುಖ ಒರೆಸಿಕೊಂಡರು. "ನಿನ್ನ ಮ್ಯಾಲ ಸಿಟ್ಟಿಲ್ಲ. ನೀ ದೂರದಿಂದ ಕೇಳಿದಾಕಿ. ಆದ್ರ ಪೇಟಿ ನುಡಿಸಿದಾಂವ ಯಾರು? ಪಳಗಿದ ಕೈ ಅದ. ಬೆಂಗಳೂರಾಂವನ?"

ಪವಿತ್ರಾ ಬಾಯಿ ತೆರೆದಳು, ಮುಚ್ಚಿದಳು. ಹೇಳಿದರೆ ಈ ಮುದುಕನ ಎದೆ ಒಡೆಯುತ್ತದೆ. ವಿಶ್ವರಾಧ್ಯ ಅಪ್ಪನ ಪಕ್ಕದ ಜಾಗ ಕಳೆದುಕೊಳ್ಳುತ್ತಾನೆ. ಸುಮ್ಮನಿದ್ದರೆ ಯಾರಿಗೂ ನೋವಿಲ್ಲ. ಸುಮ್ಮನಿರುವುದು ಎಷ್ಟು ಸುಲಭ ಎಂದು ಅವಳಿಗೆ ಆಗ ತಿಳಿಯಿತು. ತಿಳಿದು ಗಾಬರಿಯಾಯಿತು.

"ನಾನೇ ಅಪ್ಪಾ."

ವಿಶ್ವರಾಧ್ಯ ಬಾಗಿಲಲ್ಲಿ ನಿಂತಿದ್ದ. ಅವಳು ಬರಬೇಡ ಅಂದಿದ್ದಳು. ಅವನು ಆವತ್ತು ಸ್ಟುಡಿಯೋಗೆ ಹೋಗಿರಲಿಲ್ಲ, ಕಾದಿದ್ದ.

"ನನ್ನ ಸ್ಟುಡಿಯೋದಾಗೇ ಆದದ್ದು. ಅದು ಯಾವ ಪದ ಅಂತ ಅವರಿಗಿ ಗೊತ್ತಿದ್ದಿಲ್ಲ, ನನಗ ಗೊತ್ತಿತ್ತು. ಅವರು ಕೇಳಿದ್ರು. ಹೊಸಾದದ ಅಂತ ಸುಳ್ಳ ಹೇಳಿದೆ. ಗುರ್ತ ಹತ್ತಬಾರದಂತ ನಾನೇ ಜೋರ್ ಮಾಡಿದೆ."

"ಯಾಕ?" ಸೂಗಪ್ಪನವರ ದನಿ ಏರಲಿಲ್ಲ.

"ಅವರು ಹಾಡೂದು ಕೇಳಬೇಕಂತ."

ಸೂಗಪ್ಪ ಮಗನನ್ನು ನೋಡಿದರು, ಆಮೇಲೆ ಅವಳನ್ನು. ಹಿರಿಯರಿಗೆ ಇಂಥದ್ದು ಬಿಡಿಸಿ ಹೇಳಬೇಕಾಗುವುದಿಲ್ಲ. ಅವರ ಮುಖ ಗಟ್ಟಿಯಾಯಿತು. ಎದ್ದು, ಹೊಸ್ತಿಲ ಬಳಿ ಒಂದು ಗಳಿಗೆ ನಿಂತರು.

"ಇನ್ನ ಮ್ಯಾಲ ಸತ್ತವರ ಮನ್ಯಾಗ ನೀ ಪೇಟಿ ಮುಟ್ಟಬ್ಯಾಡ. ಹೆಗಲ ಕೊಡು, ಆತು. ದನಿ ಬ್ಯಾಡ."

ಒಳಗೆ ಹೋದರು.

*

ಬಸ್‌ಸ್ಟ್ಯಾಂಡಿನವರೆಗೆ ಅವನು ಎರಡು ಹೆಜ್ಜೆ ಹಿಂದೆಯೇ ನಡೆದು ಬಂದ. ಅಪ್ಪನ ಪಕ್ಕದ ಜಾಗ ಹೋದವನ ಮುಖ ನೋಡಲು ಪವಿತ್ರಾಳಿಗೆ ಧೈರ್ಯ ಸಾಲಲಿಲ್ಲ. ಶಹಾಪುರದ ಬಸ್ಸು ಬಂದಿರಲಿಲ್ಲ. ಬೇವಿನ ಗಿಡದ ನೆರಳಿನಲ್ಲಿ ನಿಂತರು.

"ನಾ ಹೇಳತಿದ್ದಿಲ್ಲ," ಅಂದಳು. "ಅವರು ಕೇಳಿದಾಗ ನಿಮ್ಮ ಹೆಸರು ಬಾಯಿಗಿ ಬರಲಿಲ್ಲ."

"ಗೊತ್ತದರಿ. ಬಾಗಲದಾಗ ನಿಂತು ನೋಡಾಕತ್ತಿದ್ದೆ. ಅದಕ್ಕೇ ನಾ ಹೇಳಿದೆ. ನೀವೂ ನನ್ನಂಗ ಆಗಬಾರದು ಅಂತ."

ಅವಳು ಆಗ ಅವನನ್ನು ಪೂರ್ತಿ ನೋಡಿದಳು. ಕಣ್ಣು ಕೆಂಪಾಗಿದ್ದವು. ಗಡ್ಡ ಬೋಳಿಸಿರಲಿಲ್ಲ. ಕೈ ಎರಡೂ ಸುಮ್ಮನೆ ಇಳಿಬಿಟ್ಟಿದ್ದವು, ಕೆಲಸ ಕಿತ್ತುಕೊಂಡ ಕೈಗಳು. ಅವನ್ನು ಹಿಡಿಯಬೇಕೆನಿಸಿತು. ಹಿಡಿಯುವ ಮೊದಲು ಕೇಳಬೇಕಾದದ್ದು ಒಂದಿತ್ತು.

"ಒಂದು ಕೇಳ್ತೀನಿ. ನಿಮ್ಮಪ್ಪಾರು ನನ್ನನ್ನ ಸೊಸಿ ಅಂತ ಒಪ್ಪತಾರೇನ್ರಿ?"

ಅವನ ಮುಖದಲ್ಲಿ ಒಂದು ಮೆತ್ತಗಿನ ಮಾತು ಬಂದು ನಿಂತದ್ದು ಅವಳಿಗೆ ಕಂಡಿತು. ಆಗ್ತದ, ನೋಡೋಣ, ದೇವರಿದ್ದಾನ, ಅಂಥದೇ ಯಾವುದೋ ಒಂದು. ಅವನು ಅದನ್ನು ನುಂಗಿದ. ಕಣ್ಣು ಬೇರೆ ಕಡೆ ಹೊರಳಿಸಲಿಲ್ಲ.

"ಇಲ್ಲ," ಅಂದ. "ಒಪ್ಪಂಗಿಲ್ಲ. ಈ ಪದದ ಸಲುವಾಗಿ ಅಲ್ಲ, ಅದನ್ನ ಅವರು ಮರೀಬಹುದು. ನೀವು ಕುರುಬರ ಮಗಳು ಅಂತ ಒಪ್ಪಂಗಿಲ್ಲ. ಅವ್ವನೂ ಒಪ್ಪಂಗಿಲ್ಲ. ನಾ ಮನಿ ಬಿಡಬೇಕಾಗ್ತದ. ಮಂದಿ ನನಗ ಏನೂ ಅನ್ನಂಗಿಲ್ಲ, ಅನ್ನೂದೆಲ್ಲ ನಿಮಗೇ ಅಂತಾರ. ನಿಮ್ಮಪ್ಪಾರ ಮನ್ಯಾಗೂ ಇಷ್ಟೇ ಗದ್ಲ ಆಗ್ತದ. ಭಾಳ ವರ್ಷ ಹಂಗೇ ಇರಬಹುದು. ಮುಂದ ಚಲೋ ಆಗ್ತದ ಅಂತ ಹೇಳಾಕ ನನಗ ಆಗಂಗಿಲ್ಲ, ಗೊತ್ತಿಲ್ಲ."

ಇಷ್ಟು ಕೆಟ್ಟ ಸುದ್ದಿಯನ್ನು ಇಷ್ಟು ನೇರವಾಗಿ ಅವಳಿಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಪವಿತ್ರಾ ಅಳತೊಡಗಿದಳು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು, ನೋಡಲಿ ಎಂದು ಬಿಟ್ಟಳು. ಅಳುತ್ತಲೇ ಕೈ ಚಾಚಿ ಅವನ ಕೈ ಹಿಡಿದಳು.

"ಹಂಗಾದ್ರ ಆತು," ಅಂದಳು.

"ಏನ ಆತ್ರಿ?"

"ನಾ ಒಪ್ಪೇನಿ."